‘ಅಂತರ್ಮುಖಿ’ ಮಕ್ಕಳ ಪಟ್ಟಿ ಕೇಳುತ್ತಿದ್ದಾರೆ: ವ್ಯಕ್ತಿತ್ವ ಪರೀಕ್ಷೆಯಿಂದ ವಿದ್ಯಾರ್ಥಿಯ ನೆಮ್ಮದಿ ತಿಳಿಯುತ್ತದೆಯೇ?

ಉಪನ್ಯಾಸಕಿ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುತ್ತೇನೆ, ಮೊದಲ ವರ್ಷದ ಒಂದು ವಿಭಾಗಕ್ಕೆ ಮೆಂಟರ್ ಕೂಡ ಹೌದು. ಈ ಬಾರಿ ಆಡಳಿತ ಮಂಡಳಿಯವರು ಎಲ್ಲ ಮೆಂಟರ್‌ಗಳ ಕೈಗೆ ವ್ಯಕ್ತಿತ್ವ ಅಳೆಯುವ ಪ್ರಶ್ನಾವಳಿಯೊಂದನ್ನು ಕೊಟ್ಟು, ಮಕ್ಕಳಿಂದ ತುಂಬಿಸಿ, ‘ಅಂತರ್ಮುಖಿ’ ಎಂದು ಬಂದವರ ಹೆಸರನ್ನು ಪ್ರತ್ಯೇಕವಾಗಿ ಬರೆದುಕೊಡಬೇಕೆಂದು ಸೂಚಿಸಿದ್ದಾರೆ. ಅಂಥವರನ್ನು ಆಪ್ತಸಮಾಲೋಚನೆಗೆ ಕಳುಹಿಸುವ ಯೋಚನೆಯಂತೆ.

ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ನನ್ನ ತರಗತಿಯಲ್ಲಿ ಬಾಯಿ ಬಿಡದ ಮಕ್ಕಳಲ್ಲಿ ಬಹಳಷ್ಟು ಮಂದಿ ಜಗಳೂರು, ಮಾಯಕೊಂಡದ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರು, ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಲೆಕ್ಕಪತ್ರಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಬರೆಯುತ್ತಿರುವವರು. ಅವರು ಸುಮ್ಮನಿರುವುದು ಸ್ವಭಾವದಿಂದಲೋ, ಸಂಕೋಚದಿಂದಲೋ, ನಿಜವಾಗಿ ಏನಾದರೂ ಕೊರಗು ಇದ್ದೋ ಎಂಬುದು ಒಂದು ಹಾಳೆಯಿಂದ ಹೇಗೆ ಗೊತ್ತಾಗಬೇಕು? ವ್ಯಕ್ತಿತ್ವದ ಗುಣಕ್ಕೂ ಮಾನಸಿಕ ಸ್ವಾಸ್ಥ್ಯಕ್ಕೂ ಇರುವ ಸಂಬಂಧದ ಬಗ್ಗೆ ತಿಳಿದವರು ದಯವಿಟ್ಟು ವಿವರಿಸಬೇಕು.

ಅಡಿಕೆ_ಚನ್ನಗಿರಿ
ಮೇಡಂ, ಮಾತನಾಡುವವರ ಪಟ್ಟಿಯನ್ನೂ ಕೇಳಲಿ. ನಮ್ಮ ಕಾಲದಲ್ಲಿ ಕಾಲೇಜಿಗೆ ತಲೆನೋವಾಗಿದ್ದವರು ಅವರೇ.

ಕೋಟೆಯೂರು_ಸಂಶೋಧಕ
ನಾನು ಚಿತ್ರದುರ್ಗದವನು, ಮನೋವಿಜ್ಞಾನದ ವಿದ್ಯಾರ್ಥಿ. ಮಂಡಳಿಯವರು ಅಳೆಯಲು ಹೊರಟಿರುವ ಗುಣವೇ ಬೇರೆ, ಅವರು ಹುಡುಕುತ್ತಿರುವ ತೊಂದರೆಯೇ ಬೇರೆ ಎಂಬುದು ನನ್ನ ಅಭಿಪ್ರಾಯ.

ಇಂದು ಹೆಚ್ಚಿನ ಸಂಶೋಧನೆಗಳು ವ್ಯಕ್ತಿತ್ವವನ್ನು ಐದು ಮುಖ್ಯ ಗುಣಗಳಲ್ಲಿ ಅಳೆಯುತ್ತವೆ: ಬಹಿರ್ಮುಖತೆ, ಸೌಹಾರ್ದತೆ, ಕರ್ತವ್ಯನಿಷ್ಠೆ, ಹೊಸ ಅನುಭವಗಳಿಗೆ ತೆರೆದುಕೊಳ್ಳುವ ಗುಣ ಮತ್ತು ನ್ಯೂರಾಟಿಸಿಸಂ, ಅಂದರೆ ಬೇಗ ಆತಂಕಪಡುವ, ಬೇಗ ಕುಗ್ಗುವ, ಮನಸ್ಸಿಗೆ ಹಚ್ಚಿಕೊಳ್ಳುವ ಪ್ರವೃತ್ತಿ. ಇದನ್ನು ಯಾರೋ ಕೂತು ಕಲ್ಪಿಸಿಕೊಂಡದ್ದಲ್ಲ. 1936ರಲ್ಲಿ ಆಲ್‌ಪೋರ್ಟ್ ಮತ್ತು ಆಡ್‌ಬರ್ಟ್ ಎಂಬಿಬ್ಬರು ಇಂಗ್ಲಿಷ್ ನಿಘಂಟಿನಿಂದ ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಪದಗಳನ್ನು ಹೆಕ್ಕಿದರು. ಅವುಗಳನ್ನು ಸೋಸುತ್ತ, ಗುಂಪು ಮಾಡುತ್ತ ಬಂದ ಹಲವು ದಶಕಗಳ ಕೆಲಸದ ಕೊನೆಗೆ ಈ ಐದು ನಿಂತವು.

ಸ್ವಾಸ್ಥ್ಯದ ಮಾತಿಗೆ ಬಂದರೆ, 2020ರಲ್ಲಿ ಆಂಗ್ಲಿಮ್ ಮತ್ತು ಸಂಗಡಿಗರು ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ವ್ಯಕ್ತಿ ತನ್ನ ಬದುಕಿನ ಬಗ್ಗೆ ತಾನೇ ಹೇಳಿಕೊಳ್ಳುವ ನೆಮ್ಮದಿಯೊಂದಿಗೆ ನ್ಯೂರಾಟಿಸಿಸಂನ ಸಹಸಂಬಂಧ (ಎರಡು ಸಂಗತಿಗಳು ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ; 0 ಎಂದರೆ ನಂಟಿಲ್ಲ, 1 ಎಂದರೆ ಪೂರ್ಣ ನಂಟು, ಋಣ ಎಂದರೆ ಒಂದು ಏರಿದಂತೆ ಇನ್ನೊಂದು ಇಳಿಯುತ್ತದೆ) ಋಣ 0.46 ಇದ್ದರೆ, ಬಹಿರ್ಮುಖತೆಯದು 0.37, ಕರ್ತವ್ಯನಿಷ್ಠೆಯದು 0.36. ಎಲ್ಲಕ್ಕಿಂತ ಬಲವಾದ ನಂಟು ಆತಂಕದ ಪ್ರವೃತ್ತಿಯದು. ಮೌನವಾಗಿರುವವನಿಗೆ ಆತಂಕ ಇರಲೇಬೇಕೆಂದಿಲ್ಲ, ಗಲಗಲ ಮಾತನಾಡುವವನಿಗೆ ಇರಬಾರದೆಂದೂ ಇಲ್ಲ. ಅಂತರ್ಮುಖಿಗಳನ್ನಷ್ಟೇ ಹೆಕ್ಕಿದರೆ ನೆಮ್ಮದಿಯಾಗಿರುವ ಕೆಲವರನ್ನು ಎಬ್ಬಿಸಿ ಕರೆದೊಯ್ದು, ಒಳಗೊಳಗೇ ಬೇಯುತ್ತಿರುವ ಹಲವರನ್ನು ತರಗತಿಯಲ್ಲೇ ಬಿಟ್ಟುಬಂದಂತಾಗುತ್ತದೆ.

ಬಿಎಸ್ಸಿ_ಎರಡನೇ_ವರ್ಷ
ಸರ್, ನಾನು ಆ ಪಟ್ಟಿಯಲ್ಲಿ ಬರುವ ಜಾತಿಯವನು. ಬಿಡುವಿದ್ದಾಗ ಒಬ್ಬನೇ ಕುಂದವಾಡ ಕೆರೆಯ ಏರಿಯ ಮೇಲೆ ನಡೆದು ಬರುವುದು ನನಗೆ ಇಷ್ಟ. ಗೆಳೆಯರು ಇಬ್ಬರೇ ಇದ್ದಾರೆ, ಅಷ್ಟು ಸಾಕಾಗಿದೆ. ಆದರೆ ‘ಯಾಕೋ ಡಲ್ ಆಗಿದ್ದೀಯ?’ ಎಂದು ಯಾರಾದರೂ ಪ್ರತಿದಿನ ಕೇಳಿದಾಗ ಮಾತ್ರ ನಿಜವಾಗಿಯೂ ಬೇಸರವಾಗುತ್ತದೆ.

ಹರಿಹರದ_ತಂದೆ
ತಮ್ಮಾ, ಆ ಪ್ರಶ್ನೆಯಲ್ಲಿ ಪ್ರೀತಿಯೂ ಇರಬಹುದಲ್ಲವೇ? ನನ್ನ ಮಗಳೂ ಹೀಗೆಯೇ. ಮೂರು ಪ್ರಶ್ನೆಗೆ ಒಂದು ‘ಹ್ಞೂಂ’ ಬರುತ್ತದೆ. ತಂದೆತಾಯಿ ಕೇಳದೆ ಇದ್ದರೆ ಅದೂ ತಪ್ಪಾಗುತ್ತದೆ.

ಇನ್ನೊಂದು ಮಾತು. ಕೆಲಸ ಸಿಗಬೇಕಾದರೆ ನಾಲ್ಕು ಜನರೆದುರು ಮಾತನಾಡಲು ಬರಲೇಬೇಕು. ಕಾಲೇಜಿನವರು ಮಕ್ಕಳನ್ನು ಸ್ವಲ್ಪ ದೂಡಿ ಬಹಿರ್ಮುಖಿಗಳನ್ನಾಗಿ ಮಾಡಿದರೆ ಅದರಲ್ಲಿ ಕೆಡುಕೇನಿದೆ?

ಕೋಟೆಯೂರು_ಸಂಶೋಧಕ
@ಹರಿಹರದ_ತಂದೆ ಸರ್, ನಿಮ್ಮ ಪ್ರಶ್ನೆಯನ್ನು ಸಂಶೋಧಕರೂ ಕೇಳಿದ್ದಾರೆ. 2002ರಲ್ಲಿ ಫ್ಲೀಸನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಬಹಿರ್ಮುಖಿಯಂತೆ ಸ್ವಲ್ಪ ಹೊತ್ತು ನಡೆದುಕೊಂಡವರಿಗೆ ಆ ಹೊತ್ತಿನಲ್ಲಿ ಉಲ್ಲಾಸ ಹೆಚ್ಚಿತ್ತು. ಅದನ್ನು ನೋಡಿ ಎಲ್ಲರನ್ನೂ ದೂಡಬಹುದೆನಿಸುತ್ತದೆ. ಆದರೆ 2019ರಲ್ಲಿ ಆಸ್ಟ್ರೇಲಿಯಾದ ತಂಡವೊಂದು ಇಡೀ ಒಂದು ವಾರ ಹಾಗೆ ನಡೆದುಕೊಳ್ಳುವಂತೆ ಹೇಳಿ ನೋಡಿತು. ಸರಾಸರಿಯಲ್ಲಿ ಲಾಭ ಕಂಡರೂ, ಸ್ವಭಾವತಃ ಅಂತರ್ಮುಖಿಗಳಾದವರಿಗೆ ಆ ಲಾಭ ಕಡಿಮೆ ಇತ್ತು. ಅವರು ಹೆಚ್ಚು ದಣಿದರು, ತಾವು ತಾವಾಗಿಲ್ಲವೆಂಬ ಭಾವನೆಯೂ ಅವರಲ್ಲಿ ಹೆಚ್ಚಿತು. ಸಂದರ್ಶನದಲ್ಲಿ ಮಾತನಾಡುವುದನ್ನು ಕಲಿಸೋಣ, ಅದೊಂದು ಕೌಶಲ. ಸ್ವಭಾವವನ್ನೇ ತಿದ್ದಲು ಹೊರಡುವುದು ಬೇರೆ ಮಾತು.

ಹಾಸ್ಟೆಲ್_ವಾರ್ಡನ್
ನಾನು ವಿದ್ಯಾರ್ಥಿನಿಲಯದಲ್ಲಿ ಕೆಲಸ ಮಾಡುವವನು, ಪುಸ್ತಕದ ಜ್ಞಾನ ಕಡಿಮೆ. ಆದರೆ ಮೇಲಿನವರು ಹೇಳಿದ ‘ಗಲಗಲ ಮಾತನಾಡುವವನಿಗೂ ಇರಬಹುದು’ ಎಂಬ ಮಾತನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೊಸದುರ್ಗದ ಕಡೆಯ ಒಬ್ಬ ಹುಡುಗನಿದ್ದ. ಇಡೀ ನಿಲಯಕ್ಕೆ ಅವನೇ ನಗೆಗಾರ, ಗಣೇಶನ ಮೆರವಣಿಗೆಯಲ್ಲಿ ಮುಂದಾಳು, ವಾಲಿಬಾಲ್ ಆಟದಲ್ಲಿ ಎಲ್ಲರಿಗಿಂತ ಹೆಚ್ಚು ಕೂಗುತ್ತಿದ್ದವನು. ಎರಡನೇ ಸೆಮಿಸ್ಟರ್ ಫಲಿತಾಂಶ ಬಂದ ಮೇಲೂ ಅವನ ನಗು ಹಾಗೆಯೇ ಇತ್ತು. ಆದರೆ ರಾತ್ರಿ ಊಟಕ್ಕೆ ಮುದ್ದೆ ಹಾಕಿಸಿಕೊಂಡು, ಅದನ್ನು ಮುರಿದು ಸಾರಿನಲ್ಲಿ ಅದ್ದಿ, ತಟ್ಟೆಯ ಅಂಚಿಗೆ ಒಂದೊಂದೇ ತುತ್ತಾಗಿ ಸರಿಸಿಟ್ಟು, ಪಕ್ಕದವರೊಂದಿಗೆ ತಮಾಷೆ ಮಾಡುತ್ತಲೇ ಎದ್ದುಹೋಗುತ್ತಿದ್ದ. ತಟ್ಟೆ ತೊಳೆಯುವ ಅಜ್ಜಿ ನನಗೆ ಹೇಳದೇ ಇದ್ದಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕರೆದು ಕೂರಿಸಿ ವಿಚಾರಿಸಿದಾಗ ತಿಳಿಯಿತು: ಮೂರು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದ, ಮನೆಗೆ ಪಾಸಾಗಿದ್ದೇನೆಂದು ಹೇಳಿದ್ದ, ನಿದ್ದೆ ಬಿಟ್ಟು ಹಲವು ವಾರಗಳಾಗಿದ್ದವು. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಚಿಕಿತ್ಸೆಯಾಯಿತು. ಈಗ ಕೆಲಸದಲ್ಲಿದ್ದಾನೆ.

ಯಾವ ಪರೀಕ್ಷೆ ಕೊಟ್ಟರೂ ಅವನು ಬಹಿರ್ಮುಖಿ ಎಂದೇ ಬರುತ್ತಿದ್ದ.

ಅಡಿಕೆ_ಚನ್ನಗಿರಿ
ಆ ಅಜ್ಜಿಯನ್ನೇ ಕಾಲೇಜಿನವರು ಮೆಂಟರ್ ಮಾಡಿಕೊಳ್ಳಬೇಕು. ಈ ಮಾತನ್ನು ತಮಾಷೆಗೆ ಹೇಳುತ್ತಿಲ್ಲ.

ಸಂಖ್ಯಾಶಾಸ್ತ್ರ_ಮೇಷ್ಟ್ರು
ಚರ್ಚೆ ಚೆನ್ನಾಗಿದೆ, ಆದರೆ ಅಂಕಿಗಳನ್ನು ಕಂಡು ಬೆರಗಾಗುವ ಮೊದಲು ಒಂದೆರಡು ವಿಷಯಗಳನ್ನು ಗಮನಿಸಬೇಕು. ಸಹಸಂಬಂಧ 0.46 ಎಂದರೆ ಅದರ ವರ್ಗ ಸುಮಾರು 0.21. ಒಬ್ಬರಿಗೂ ಇನ್ನೊಬ್ಬರಿಗೂ ನೆಮ್ಮದಿಯಲ್ಲಿ ಇರುವ ವ್ಯತ್ಯಾಸದಲ್ಲಿ ನೂರಕ್ಕೆ 21 ಪಾಲನ್ನು ಮಾತ್ರ ಈ ಗುಣದೊಂದಿಗೆ ಜೋಡಿಸಬಹುದು ಎಂದರ್ಥ. ಮಿಕ್ಕ 79 ಪಾಲಿನಲ್ಲಿ ಉಳಿದ ಗುಣಗಳಿವೆ, ಮನೆಯ ಸಾಲವಿದೆ, ಬಸ್ಸಿದೆ, ಹಾಸ್ಟೆಲ್ ಇದೆ, ಅಳತೆಯ ದೋಷವೂ ಇದೆ. ಗುಂಪಿನ ಬಗ್ಗೆ ಮಾತನಾಡಲು ಇದು ದೊಡ್ಡ ಸಂಖ್ಯೆಯೇ. ಒಬ್ಬ ವಿದ್ಯಾರ್ಥಿನಿಯ ಹೆಸರನ್ನು ಪಟ್ಟಿಗೆ ಸೇರಿಸಲು ಮಾತ್ರ ಇದು ಸಾಲದು.

ಎರಡನೆಯದು ಇನ್ನೂ ಗಂಭೀರವಾದದ್ದು. ನ್ಯೂರಾಟಿಸಿಸಂ ಅಳೆಯುವ ಪ್ರಶ್ನಾವಳಿಯಲ್ಲಿ ‘ನಾನು ಆಗಾಗ ಖಿನ್ನನಾಗುತ್ತೇನೆ’ ಎಂಬಂಥ ವಾಕ್ಯವಿರುತ್ತದೆ. ಸ್ವಾಸ್ಥ್ಯ ಅಳೆಯುವ ಪ್ರಶ್ನಾವಳಿಯಲ್ಲೂ ಅದೇ ಅರ್ಥದ ವಾಕ್ಯವಿರುತ್ತದೆ. ಒಂದೇ ಪ್ರಶ್ನೆಯನ್ನು ಎರಡು ಹಾಳೆಗಳಲ್ಲಿ ಕೇಳಿ, ಉತ್ತರಗಳು ಹೊಂದಿಕೆಯಾಗುತ್ತಿವೆ ಎಂದು ಆಶ್ಚರ್ಯಪಟ್ಟರೆ ಹೇಗೆ? ಎರಡಕ್ಕೂ ಉತ್ತರ ಬರೆಯುವವನು ಅದೇ ವಿದ್ಯಾರ್ಥಿ, ಅದೇ ದಿನ, ಅದೇ ಮನಸ್ಥಿತಿಯಲ್ಲಿ.

ಕೋಟೆಯೂರು_ಸಂಶೋಧಕ
ಮೇಷ್ಟ್ರ ಎರಡನೆಯ ಆಕ್ಷೇಪ ನ್ಯಾಯವಾದದ್ದು. ಇದೇ ಅನುಮಾನವನ್ನು ಇಟ್ಟುಕೊಂಡು ಶ್ಮಟ್ ಮತ್ತು ರಿಫ್ 1997ರಲ್ಲಿ ಅಧ್ಯಯನ ನಡೆಸಿದ್ದರು. ಪ್ರಶ್ನೆಗಳ ನಡುವಿನ ಹೋಲಿಕೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ವ್ಯಕ್ತಿತ್ವ ಮತ್ತು ಸ್ವಾಸ್ಥ್ಯದ ನಡುವೆ ನಂಟು ಉಳಿಯಿತು. ಆದ್ದರಿಂದ ಎಲ್ಲವೂ ಹಾಳೆಯ ಮಾಯೆ ಎನ್ನಲಾಗುವುದಿಲ್ಲ.

ರಿಫ್ ಅವರ ಹೆಸರು ಬಂದದ್ದರಿಂದ ಇನ್ನೊಂದು ವಿಷಯ ಹೇಳಬೇಕು. ಕ್ಯಾರೊಲ್ ರಿಫ್ 1989ರಲ್ಲಿ ಮಾನಸಿಕ ಸ್ವಾಸ್ಥ್ಯವೆಂದರೆ ಕೇವಲ ಖುಷಿಯಲ್ಲ ಎಂದು ವಾದಿಸಿ ಆರು ಆಯಾಮಗಳನ್ನು ಮುಂದಿಟ್ಟರು: ತನ್ನನ್ನು ತಾನು ಒಪ್ಪಿಕೊಳ್ಳುವುದು, ಇತರರೊಂದಿಗೆ ಒಳ್ಳೆಯ ಬಾಂಧವ್ಯ, ಸ್ವಂತ ನಿರ್ಧಾರದ ಶಕ್ತಿ, ಸುತ್ತಲಿನ ಪರಿಸ್ಥಿತಿಯನ್ನು ನಿಭಾಯಿಸುವ ಸಾಮರ್ಥ್ಯ, ಬದುಕಿಗೊಂದು ಗುರಿ, ನಿರಂತರ ಬೆಳವಣಿಗೆ. ಒಂದೊಂದು ಗುಣ ಒಂದೊಂದು ಆಯಾಮದ ಕಡೆ ಹೆಚ್ಚು ವಾಲುತ್ತದೆ. ಸೌಹಾರ್ದತೆ ಬಾಂಧವ್ಯಕ್ಕೆ ಹತ್ತಿರ, ಹೊಸತಿಗೆ ತೆರೆದುಕೊಳ್ಳುವ ಗುಣ ಬೆಳವಣಿಗೆಗೆ ಹತ್ತಿರ, ಕರ್ತವ್ಯನಿಷ್ಠೆ ಗುರಿಗೆ ಮತ್ತು ನಿಭಾವಣೆಗೆ ಹತ್ತಿರ. ಎಲ್ಲವನ್ನೂ ‘ನೆಮ್ಮದಿ ಇದೆ, ಇಲ್ಲ’ ಎಂದು ಒಂದೇ ಕಂಬಸಾಲಿನಲ್ಲಿ ಬರೆದರೆ ಈ ಸೂಕ್ಷ್ಮವೆಲ್ಲ ಅಳಿಸಿಹೋಗುತ್ತದೆ.

ಸಮಾಲೋಚಕಿ_ದುರ್ಗ
ಆಪ್ತಸಮಾಲೋಚಕಿಯಾಗಿ ನನ್ನ ಅನುಭವವನ್ನೂ ಸೇರಿಸುತ್ತೇನೆ. ಎಲ್ಲರೂ ‘ಒಳ್ಳೆಯ ಗುಣ’ ಎಂದು ಮೆಚ್ಚುವ ಎರಡು ಗುಣಗಳ ಬಗ್ಗೆ ನನಗೆ ಹೆಚ್ಚು ಆತಂಕವಿದೆ.

ಮೊದಲನೆಯದು ಸೌಹಾರ್ದತೆ. ಯಾರಿಗೂ ಇಲ್ಲ ಎನ್ನದ, ಟಿಪ್ಪಣಿ ಕೇಳಿದರೆ ಕೊಡುವ, ಸೆಮಿನಾರ್ ಕೆಲಸವನ್ನೆಲ್ಲ ಒಬ್ಬಳೇ ಹೊರುವ, ಮನೆಯಲ್ಲಿ ‘ಈ ಕೋರ್ಸ್ ತೆಗೆದುಕೋ’ ಎಂದರೆ ತಲೆಯಾಡಿಸುವ ಹೆಣ್ಣುಮಗಳನ್ನು ಎಲ್ಲರೂ ಹೊಗಳುತ್ತಾರೆ. ಬಾಂಧವ್ಯದಲ್ಲಿ ಅವಳಿಗೆ ಪೂರ್ಣ ಅಂಕ ಬರುತ್ತದೆ. ಸ್ವಂತ ನಿರ್ಧಾರದ ಮಾತು ಬಂದಾಗ, ತನಗೆ ಏನು ಬೇಕೆಂದು ಕೇಳಿದರೆ ಉತ್ತರವೇ ಹೊರಡುವುದಿಲ್ಲ.

ಎರಡನೆಯದು ಕರ್ತವ್ಯನಿಷ್ಠೆ. ಓದಿನ ಸಾಧನೆಗೆ ಇದು ಬಹಳ ಹತ್ತಿರದ ಗುಣ, ಅದರಲ್ಲಿ ಅನುಮಾನವಿಲ್ಲ. ಆದರೆ 2010ರಲ್ಲಿ ಬಾಯ್ಸ್, ವುಡ್ ಮತ್ತು ಬ್ರೌನ್ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸ ಕಳೆದುಕೊಂಡವರ ಪೈಕಿ ಹೆಚ್ಚು ಕರ್ತವ್ಯನಿಷ್ಠರಾದವರ ಜೀವನತೃಪ್ತಿಯೇ ಹೆಚ್ಚು ಕುಸಿದಿತ್ತು. ಅದು ಉದ್ಯೋಗಿಗಳ ಕುರಿತ ಅಧ್ಯಯನವೇ ಹೊರತು ವಿದ್ಯಾರ್ಥಿಗಳದ್ದಲ್ಲ ಎಂಬುದು ನಿಜ. ಆದರೂ ನೀಟ್ ಫಲಿತಾಂಶದ ವಾರದಲ್ಲಿ ನನ್ನೆದುರು ಬಂದು ಕೂರುವ ಮಕ್ಕಳನ್ನು ನೋಡಿದಾಗ ಅದು ನೆನಪಿಗೆ ಬರುತ್ತದೆ. ಓದದೆ ಇದ್ದವನು ‘ಓದಿರಲಿಲ್ಲ, ಬರಲಿಲ್ಲ’ ಎಂದು ಎದ್ದುಹೋಗುತ್ತಾನೆ. ಬೆಳಗಿನ ನಾಲ್ಕಕ್ಕೆ ಎದ್ದು ಓದಿದವಳಿಗೆ ಹೇಳಿಕೊಳ್ಳಲು ಅಂಥ ನೆಪವೂ ಇರುವುದಿಲ್ಲ.

ಹರಿಹರದ_ತಂದೆ
ಮೇಡಂ, ಇದನ್ನು ಓದಿ ಸುಮ್ಮನೆ ಕುಳಿತುಬಿಟ್ಟೆ. ನನ್ನ ಮಗಳು ಆ ಎರಡನೆಯ ಬಗೆಯವಳು. ಒಂದೇ ಪ್ರಶ್ನೆ: ಇದೆಲ್ಲ ಹುಟ್ಟುಗುಣವಾದರೆ, ‘ಹುಟ್ಟುಗುಣ ಸುಟ್ಟರೂ ಹೋಗದು’ ಎನ್ನುತ್ತಾರಲ್ಲ, ನಾವು ಮಾಡುವುದೇನು?

ಸಮಾಲೋಚಕಿ_ದುರ್ಗ
ಗಾದೆ ಅರ್ಧ ಮಾತ್ರ ಸರಿ, ಸರ್. ಅವಳಿ ಮಕ್ಕಳ ಮೇಲಿನ ಅಧ್ಯಯನಗಳ ಪ್ರಕಾರ ಈ ಗುಣಗಳಲ್ಲಿನ ವ್ಯತ್ಯಾಸದ ಸುಮಾರು 40ರಿಂದ 50 ಪ್ರತಿಶತ ಅನುವಂಶೀಯತೆಯಿಂದ ಬರುತ್ತದೆ. ಹಾಗೆಂದು ಉಳಿದದ್ದಾಗಲಿ, ಆ ಪಾಲಾಗಲಿ ಕಲ್ಲಿನಲ್ಲಿ ಕೊರೆದದ್ದಲ್ಲ. ರಾಬರ್ಟ್ಸ್ ಮತ್ತು ಸಂಗಡಿಗರು 2017ರಲ್ಲಿ 207 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಚಿಕಿತ್ಸೆ ಮತ್ತು ಇತರ ಮಧ್ಯಪ್ರವೇಶಗಳಿಂದ ವ್ಯಕ್ತಿತ್ವದ ಗುಣಗಳಲ್ಲಿ ಬದಲಾವಣೆ ಕಂಡುಬಂದಿತ್ತು. ಎಲ್ಲಕ್ಕಿಂತ ಹೆಚ್ಚು ಬದಲಾದದ್ದು ಭಾವನಾತ್ಮಕ ಸ್ಥಿರತೆ, ಅಂದರೆ ನ್ಯೂರಾಟಿಸಿಸಂನ ಇನ್ನೊಂದು ತುದಿ. ನಾವು ಯಾವ ಗುಣದ ಬಗ್ಗೆ ಹೆಚ್ಚು ಚಿಂತಿಸುತ್ತಿದ್ದೇವೋ ಅದೇ ಹೆಚ್ಚು ಮಣಿಯುತ್ತದೆ ಎಂಬುದು ನನಗೆ ಸಮಾಧಾನದ ಸಂಗತಿ. ನಿಮ್ಮ ಮಗಳಿಗೆ ಅಂಕದ ಬಗ್ಗೆ ಕೇಳುವ ಮೊದಲು ಊಟ, ನಿದ್ದೆಯ ಬಗ್ಗೆ ಕೇಳಿ. ‘ಹ್ಞೂಂ’ ಎಂದರೆ ಅಷ್ಟಕ್ಕೇ ಬಿಡಿ, ಮರುದಿನ ಮತ್ತೆ ಕೇಳಿ.

ಗುಣತ್ರಯ
ಐದು ಗುಣಗಳಿಗಾಗಿ ಅಮೆರಿಕದವರ ನಿಘಂಟಿಗೆ ಏಕೆ ಹೋಗಬೇಕು? ಭಗವದ್ಗೀತೆಯ 14ನೆಯ ಅಧ್ಯಾಯದಲ್ಲಿ ಸತ್ತ್ವ, ರಜಸ್ಸು, ತಮಸ್ಸುಗಳ ವಿವರಣೆ ಇದೆ. ಸಾತ್ತ್ವಿಕ ಆಹಾರ, ಧ್ಯಾನ, ನಿಯಮಿತ ದಿನಚರಿ ಇದ್ದರೆ ಮಕ್ಕಳು ತಾನಾಗಿಯೇ ಸರಿಹೋಗುತ್ತಾರೆ.

ಸಂಖ್ಯಾಶಾಸ್ತ್ರ_ಮೇಷ್ಟ್ರು
ಸ್ವಾಮಿ, ತ್ರಿಗುಣಗಳನ್ನು ಅಳೆಯಲೂ ಪ್ರಶ್ನಾವಳಿಗಳನ್ನು ರೂಪಿಸಿದವರಿದ್ದಾರೆ, ಭಾರತದಲ್ಲಿ ಅವುಗಳನ್ನು ವಿದ್ಯಾರ್ಥಿಗಳ ಮೇಲೆ ಬಳಸಿಯೂ ಇದ್ದಾರೆ. ನಾನು ಮೇಲೆ ಎತ್ತಿದ ಆಕ್ಷೇಪಗಳು ಅವುಗಳಿಗೂ ಅನ್ವಯಿಸುತ್ತವೆ. ದಿನಚರಿಯ ಬಗ್ಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ‘ತಾನಾಗಿಯೇ ಸರಿಹೋಗುತ್ತಾರೆ’ ಎಂಬುದನ್ನು ಒಪ್ಪುವುದಿಲ್ಲ, ಏಕೆಂದರೆ ಮೇಲೆ ವಾರ್ಡನ್ ಹೇಳಿದ ಹುಡುಗನಿಗೆ ವೈದ್ಯರೇ ಬೇಕಾದರು.

ಬಿಎಸ್ಸಿ_ಎರಡನೇ_ವರ್ಷ
ನನ್ನ ಗೆಳೆಯನೊಬ್ಬ ಇಂಟರ್ನೆಟ್‌ನಲ್ಲಿ ಹದಿನಾರು ಬಗೆಯ ವ್ಯಕ್ತಿತ್ವದ ಪರೀಕ್ಷೆ ಮಾಡಿಕೊಂಡು, ಆ ನಾಲ್ಕು ಅಕ್ಷರಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹೆಸರಿನ ಪಕ್ಕದಲ್ಲೇ ಹಾಕಿಕೊಂಡಿದ್ದಾನೆ. ‘ನನ್ನ ಟೈಪ್‌ನವರು ಗುಂಪಿನಲ್ಲಿ ಕೆಲಸ ಮಾಡುವುದಿಲ್ಲ’ ಎಂದು ಪ್ರಾಜೆಕ್ಟ್‌ನಿಂದಲೂ ತಪ್ಪಿಸಿಕೊಂಡ. ಅದು ನಂಬುವಂಥದ್ದೇ?

ಕೋಟೆಯೂರು_ಸಂಶೋಧಕ
ಹದಿನಾರು ಬಗೆಗಳ ಕಲ್ಪನೆ ಜನಪ್ರಿಯವಾದದ್ದು ಮೈಯರ್ಸ್-ಬ್ರಿಗ್ಸ್ ಪರೀಕ್ಷೆಯಿಂದ. ಅದು ಜನರನ್ನು ಈ ಕಡೆ, ಆ ಕಡೆ ಎಂದು ಎರಡೇ ಪೆಟ್ಟಿಗೆಗಳಿಗೆ ಹಾಕುತ್ತದೆ. ಆದರೆ ಹೆಚ್ಚಿನವರು ನಡುವೆಯೇ ಎಲ್ಲೋ ಇರುತ್ತಾರಾದ್ದರಿಂದ, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಬರೆದರೆ ಅನೇಕರ ಬಗೆಯೇ ಬದಲಾಗಿರುತ್ತದೆ. ನಿಮ್ಮ ಗೆಳೆಯನಿಗೆ ಪ್ರಾಜೆಕ್ಟ್ ಸಲ್ಲಿಸುವ ಹಿಂದಿನ ದಿನ ಇನ್ನೊಮ್ಮೆ ಬರೆಯಲು ಹೇಳಿ.

ಉಪನ್ಯಾಸಕಿ_ದಾವಣಗೆರೆ
ಇಷ್ಟೊಂದು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಮಂಡಳಿಯ ಆದೇಶವಿದ್ದುದರಿಂದ ನಿನ್ನೆ ಒಂದು ವಿಭಾಗದಲ್ಲಿ ಪ್ರಶ್ನಾವಳಿಯನ್ನು ಹಂಚಬೇಕಾಯಿತು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಮೇಲ್ಭಾಗದಲ್ಲಿ ಹೆಸರು, ನೋಂದಣಿ ಸಂಖ್ಯೆ, ತಂದೆಯ ಮೊಬೈಲ್ ಸಂಖ್ಯೆ ಬರೆಯುವ ಜಾಗವಿತ್ತು. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ‘ನನಗೆ ಬೇಗ ಆತಂಕವಾಗುತ್ತದೆ’ ಎಂಬ ವಾಕ್ಯದ ಮುಂದೆ ಪೆನ್ಸಿಲಿನಲ್ಲಿ 5 ಎಂದು ಬರೆದಳು, ಮೇಲೆ ತಂದೆಯ ಸಂಖ್ಯೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ರಬ್ಬರಿನಿಂದ ಉಜ್ಜಿ 2 ಎಂದು ಬರೆದಳು. ಆ ಹಾಳೆಯನ್ನು ಲೆಕ್ಕಹಾಕಿದರೆ ಅವಳು ಬಹಳ ನೆಮ್ಮದಿಯಾಗಿದ್ದಾಳೆ ಎಂದು ಬರುತ್ತದೆ. ಹಾಳೆಗಳನ್ನು ಇನ್ನೂ ಕೊಟ್ಟಿಲ್ಲ, ನನ್ನ ಬೀರುವಿನಲ್ಲೇ ಬೀಗ ಹಾಕಿಟ್ಟಿದ್ದೇನೆ.

ಸಂಖ್ಯಾಶಾಸ್ತ್ರ_ಮೇಷ್ಟ್ರು
ನನ್ನ ವಾದವನ್ನೆಲ್ಲ ಆ ಹುಡುಗಿ ಒಂದು ರಬ್ಬರಿನಿಂದ ಹೇಳಿಬಿಟ್ಟಳು.

ಆಡಳಿತದ_ಪರವಾಗಿ
ಎಲ್ಲರೂ ಆಡಳಿತ ಮಂಡಳಿಯನ್ನೇ ದೂರುವುದು ಸರಿಯಲ್ಲ. ನಾನೂ ಒಂದು ಸಂಸ್ಥೆಯ ಕಚೇರಿಯಲ್ಲಿ ಇದ್ದೇನೆ. ನಾಳೆ ಏನಾದರೂ ಅನಾಹುತವಾದರೆ ‘ಕಾಲೇಜು ಏನು ಮಾಡುತ್ತಿತ್ತು?’ ಎಂದು ಮೊದಲು ಕೇಳುವವರು ನೀವೇ. ಸಾವಿರಾರು ಮಕ್ಕಳಿರುವಲ್ಲಿ ಪ್ರತಿಯೊಬ್ಬರನ್ನೂ ಮಾತನಾಡಿಸಲು ಸಿಬ್ಬಂದಿ ಎಲ್ಲಿದ್ದಾರೆ? ಯಾವುದಾದರೂ ಒಂದು ಜರಡಿ ಬೇಕೇ ಬೇಕು.

ಸಮಾಲೋಚಕಿ_ದುರ್ಗ
ಜರಡಿ ಬೇಕೆಂಬ ಮಾತು ಸರಿ, ಸರ್. ಆದರೆ ಯಾವುದಕ್ಕೆ ಯಾವುದನ್ನು ಬಳಸಬೇಕೆಂಬುದು ಮುಖ್ಯ. ಮಗು ಈಗ ಕಷ್ಟದಲ್ಲಿದೆಯೇ ಎಂದು ತಿಳಿಯಬೇಕಾದರೆ, ಈಗಿನ ಕಷ್ಟವನ್ನೇ ಕೇಳುವ ಚಿಕ್ಕ ಪ್ರಶ್ನಾವಳಿಗಳಿವೆ. 12 ಪ್ರಶ್ನೆಗಳ ಸಾಮಾನ್ಯ ಆರೋಗ್ಯ ಪ್ರಶ್ನಾವಳಿಯನ್ನು ಜಗತ್ತಿನಾದ್ಯಂತ ಇದಕ್ಕಾಗಿಯೇ ಬಳಸುತ್ತಾರೆ. ಇತ್ತೀಚಿನ ವಾರಗಳಲ್ಲಿ ನಿದ್ದೆ, ಏಕಾಗ್ರತೆ, ಆತ್ಮವಿಶ್ವಾಸ ಹೇಗಿವೆ ಎಂದು ಅದು ಕೇಳುತ್ತದೆ. ವ್ಯಕ್ತಿತ್ವ ಪರೀಕ್ಷೆ ಹೇಳುವುದು ದೀರ್ಘಕಾಲದ ಒಲವನ್ನು. ನೀವು ಜ್ವರ ಇದೆಯೇ ಎಂದು ನೋಡಬೇಕಾದಲ್ಲಿ ಎತ್ತರ ಅಳೆಯುತ್ತಿದ್ದೀರಿ.

ಸಿಬ್ಬಂದಿಯ ವಿಷಯಕ್ಕೆ ಬಂದರೆ, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮಾರ್ಗಸೂಚಿಗಳ ಪ್ರಕಾರ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನೋ, ಮನೋವಿಜ್ಞಾನಿಯನ್ನೋ, ಸಮಾಜ ಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕು. ಇದು ಪ್ರಶ್ನಾವಳಿ ಮುದ್ರಿಸುವುದಕ್ಕಿಂತ ದುಬಾರಿ ಎಂಬುದನ್ನು ಬಲ್ಲೆ. ಅದಾಗುವವರೆಗೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ತರಗತಿ, ಹಾಸ್ಟೆಲ್, ಶೌಚಾಲಯದ ಬಾಗಿಲಿನ ಹಿಂದೆ ಅಂಟಿಸಿ. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಆಡಳಿತದ_ಪರವಾಗಿ
ಶೌಚಾಲಯದ ಬಾಗಿಲು ಏಕೆ?

ಹಾಸ್ಟೆಲ್_ವಾರ್ಡನ್
ಸೂಚನಾ ಫಲಕದ ಮುಂದೆ ನಿಂತು ಆ ಸಂಖ್ಯೆಯನ್ನು ಬರೆದುಕೊಳ್ಳುವವನನ್ನು ಇಡೀ ಕಾರಿಡಾರ್ ನೋಡುತ್ತದೆ, ಅದಕ್ಕೆ.

ಉಪನ್ಯಾಸಕಿ_ದಾವಣಗೆರೆ
ಚರ್ಚೆಯಿಂದ ನನಗೆ ದಾರಿ ಸಿಕ್ಕಿದೆ. ಪ್ರಾಂಶುಪಾಲರಿಗೆ ಪತ್ರ ಬರೆಯುತ್ತಿದ್ದೇನೆ: ಅಂತರ್ಮುಖಿಗಳ ಪಟ್ಟಿಯನ್ನು ಕೊಡುವುದಿಲ್ಲ, ವ್ಯಕ್ತಿತ್ವ ಪರೀಕ್ಷೆ ಬೇಕೇ ಬೇಕೆಂದಿದ್ದರೆ ಹೆಸರಿಲ್ಲದೆ ನಡೆಸಿ ಇಡೀ ವಿಭಾಗದ ಚಿತ್ರಣಕ್ಕಷ್ಟೇ ಬಳಸೋಣ, ಈಗಿನ ಸಂಕಷ್ಟವನ್ನು ಕೇಳುವ ಹಾಳೆಯನ್ನು ಸಮಾಲೋಚಕರೇ ಹಂಚಿ, ಅವರೇ ಒಯ್ಯಲಿ. ಜೊತೆಗೆ ಮೆಸ್, ಗ್ರಂಥಾಲಯ, ಗೇಟಿನ ಸಿಬ್ಬಂದಿಗೂ ಒಂದು ದಿನದ ತರಬೇತಿ ಕೊಡಿಸಬೇಕೆಂದು ಸೇರಿಸಿದ್ದೇನೆ. ಅಜ್ಜಿಯ ವಿಷಯ ಓದಿದ ಮೇಲೆ ಅದನ್ನು ಬಿಡಲು ಮನಸ್ಸಾಗಲಿಲ್ಲ.

ಬಿಎಸ್ಸಿ_ಎರಡನೇ_ವರ್ಷ
ಮೇಡಂ, ಸಮಾಲೋಚಕರು ಒಯ್ದ ಹಾಳೆಯನ್ನು ಕಾಲೇಜಿನವರು ಕೇಳಿದರೆ ಅವರು ಕೊಡಲೇಬೇಕಾಗುತ್ತದೆಯೇ?

ಸಮಾಲೋಚಕಿ_ದುರ್ಗ
ನಾನಾದರೆ ಕೊಡುವುದಿಲ್ಲ. ಹಾಳೆಯಲ್ಲಿರುವುದು ವಿದ್ಯಾರ್ಥಿಯ ಮಾತು, ಅವರ ಒಪ್ಪಿಗೆಯಿಲ್ಲದೆ ಅದು ನನ್ನ ಕೋಣೆಯಿಂದ ಹೊರಗೆ ಹೋಗಬಾರದು. ಜೀವಕ್ಕೆ ಅಪಾಯವಿದೆ ಎನಿಸಿದಾಗ ಮಾತ್ರ ಮನೆಯವರಿಗೋ ವೈದ್ಯರಿಗೋ ತಿಳಿಸುತ್ತೇನೆ, ಆಗಲೂ ಎಷ್ಟು ಬೇಕೋ ಅಷ್ಟನ್ನೇ. ಈ ಮಾತನ್ನು ಹಾಳೆ ಹಂಚುವ ಮೊದಲೇ ಮಕ್ಕಳಿಗೆ ಹೇಳಬೇಕು. ಮೇಡಂ, ತಂದೆಯ ಮೊಬೈಲ್ ಸಂಖ್ಯೆಯ ಜಾಗವನ್ನು ತೆಗೆದುಹಾಕುವಂತೆಯೂ ಪತ್ರದಲ್ಲಿ ಬರೆಯಿರಿ.

ಉಪನ್ಯಾಸಕಿ_ದಾವಣಗೆರೆ
ಬರೆದಿದ್ದೇನೆ, ಮೊದಲ ಸಾಲಿನಲ್ಲೇ.